ಮೂರನೇ ಸಾಲಿನಲ್ಲಿ ನನ್ನ ಹೆಸರು

ಬುದ್ಧನ ದಾರಿಯಲ್ಲಿ ಕುಡಿತ ಬಿಡಿಸುವ ಧ್ಯಾನ ಬಳಗದ ಸಂಚಾಲಕರ ಸನ್ನಿಧಿಗೆ,

ಮಾನ್ಯರೇ,

ಪ್ರತಿ ಮಂಗಳವಾರ ಸಂಜೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ತಾವು ಕಣ್ಣು ಮುಚ್ಚಿಸಿ ಕೂರಿಸುವ ಹದಿನಾಲ್ಕು ಮಂದಿಯಲ್ಲಿ, ಕಿಟಕಿ ಪಕ್ಕ ಕೂರುವ ಕ್ಷೌರಿಕರ ಹೆಂಡತಿಯಾದ ನಾನು, ಅವರೆಲ್ಲ ಕೂರುವ ಹದಿನಾಲ್ಕೂ ದಿಂಬುಗಳನ್ನು ಹೊಲಿದುಕೊಟ್ಟ ದರ್ಜಿಯೂ ಆಗಿರುವ ಸಲುಗೆಯಿಂದ, ಸಾಷ್ಟಾಂಗ ನಮಸ್ಕಾರಗಳೊಂದಿಗೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಹೊಗಳಿಕೆ, ಅದು ಸಲ್ಲಬೇಕಾದದ್ದೇ. ಹದಿನೇಳು ವರ್ಷ ಕುಡಿದ ನನ್ನ ಗಂಡನ ಕೈ ಎಷ್ಟು ನಡುಗುತ್ತಿತ್ತೆಂದರೆ, ಅವರ ಕತ್ತಿಗೆ ಕತ್ತು ಕೊಡುವ ಗಂಡೆದೆ ನಮ್ಮ ಬೀದಿಯಲ್ಲಿ ಯಾರಿಗೂ ಉಳಿದಿರಲಿಲ್ಲ. ತಮ್ಮಲ್ಲಿಗೆ ಬಂದ ಮೇಲೆ ಹನ್ನೊಂದು ತಿಂಗಳಿಂದ ಒಂದು ಹನಿ ಮುಟ್ಟಿಲ್ಲ. ಈಗ ಮದುವೆ ಗಂಡುಗಳೂ ಅವರ ಕುರ್ಚಿಯಲ್ಲಿ ಕೂತು ನಿದ್ದೆ ಹೊಡೆಯುತ್ತಾರೆ. ತಮ್ಮ ಹೊಟ್ಟೆ ತಣ್ಣಗಿರಲಿ.

ಆದರೆ ಕುಡಿತದ ಜೊತೆಗೆ ತಾವು ಇನ್ನೂ ಏನೇನು ಬಿಡಿಸಿದಿರಿ ಎಂಬುದು ತಮಗೆ ತಿಳಿದಿರಲಾರದು. ಹಾಲು ಉಕ್ಕಿದರೆ ಒಲೆ ಆರಿಸದೆ, ಉಕ್ಕುವುದೂ ಇಳಿಯುವುದೂ ಹಾಲಿನ ಸ್ವಭಾವವೆಂದು ನೋಡುತ್ತಾ ನಿಲ್ಲುತ್ತಾರೆ. ನಾನು ಕೂಗಾಡಿದರೆ, ಬೇರೆ ಯಾವುದೋ ಊರಿನ ಹವಾಮಾನ ವರದಿ ಕೇಳುವವರಂತೆ ಮುಗುಳ್ನಗುತ್ತಾ, ನನ್ನ ಕೋಪ ಹುಟ್ಟುವುದನ್ನೂ ಅಡಗುವುದನ್ನೂ ಗಮನಿಸುತ್ತಾರೆ. ಕುಡಿಯುವಾಸೆ ಬಂದಾಗ ಮಾತ್ರ ತಮಗೆ ಫೋನ್ ಮಾಡಿ, ಮಹಡಿ ಮೆಟ್ಟಿಲ ಮೇಲೆ ಕೂತು ಗಂಟೆಗಟ್ಟಲೆ ಮನಸ್ಸು ಬಿಚ್ಚುತ್ತಾರೆ. ಅವರಪ್ಪ ಸತ್ತದ್ದು ಅವರಿಗೆ ಇನ್ನೂ ನೋಯುತ್ತಿದೆ ಎಂಬುದನ್ನು ನಾನು ಹಾಗೆ ಬಾಗಿಲ ಸಂದಿಯಿಂದ ಕದ್ದು ಕೇಳಿ ತಿಳಿದುಕೊಂಡೆ.

ಇಷ್ಟನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೆ. ಹೋದ ವಾರ ಅಂಗಿ ಒಗೆಯುವ ಮುನ್ನ, ಬಾಟಲಿ ಹುಡುಕುತ್ತಿದ್ದ ಕಾಲದ ಚಾಳಿಯಂತೆ ಜೇಬು ತಡಕಿದಾಗ, ತಮ್ಮ ಬಳಗದ ಪುಟ್ಟ ಪುಸ್ತಕ ಸಿಕ್ಕಿತು. ಅದರಲ್ಲಿ ಮೈತ್ರಿ ಧ್ಯಾನಕ್ಕೆಂದು, ದಿನವೂ ಒಳಿತು ಹಾರೈಸಬೇಕಾದ ನಾಲ್ವರ ಹೆಸರಿಗೆ ನಾಲ್ಕು ಸಾಲು. ಉಪಕಾರಿ ಎಂಬಲ್ಲಿ ತಾವು. ಪ್ರೀತಿಪಾತ್ರರು ಎಂಬಲ್ಲಿ ಪಕ್ಕದ ದಿಂಬಿನ ಲಾರಿ ಡ್ರೈವರ್. ನಾಲ್ಕನೆಯದಾದ ಕಷ್ಟದ ವ್ಯಕ್ತಿ, ಅಂದರೆ ಕಂಡರಾಗದವರು ಎಂಬಲ್ಲಿ, ಒಮ್ಮೆ ಅವರ ಬಾಟಲಿ ಒಡೆದುಹಾಕಿದ್ದ ನನ್ನ ತಮ್ಮ. ಮೂರನೆಯದು ತಟಸ್ಥ ವ್ಯಕ್ತಿ: ಪ್ರೀತಿಯೂ ಇಲ್ಲದ, ದ್ವೇಷವೂ ಇಲ್ಲದ, ದಿನವೂ ಕಂಡರೂ ಗಮನಕ್ಕೆ ಬಾರದವರು, ಉದಾಹರಣೆಗೆ ಬ್ಯಾಂಕಿನ ಬಾಗಿಲ ಕಾವಲುಗಾರ ಎಂದು ತಾವೇ ಅಚ್ಚು ಹಾಕಿಸಿದ್ದೀರಿ. ಅಲ್ಲಿ ನಾನು.

ಕೇಳಿದರೆ ಶಾಂತವಾಗಿ, "ಬೇಜಾರು ಮಾಡ್ಕೋಬೇಡ ಕಣೇ, ಆ ಜಾಗಕ್ಕೆ ಬೇರೆ ಯಾರೂ ನೆನಪಾಗ್ಲಿಲ್ಲ" ಅಂದರು. ಕೇಳಿದಿರಾ, ಮಾನ್ಯರೇ? ಚರಂಡಿಯಿಂದ ಎತ್ತಿ ತಂದವಳು, ವಾಂತಿ ಬಳಿದವಳು, ಅವರ ನಡುಗುವ ಕೈಯಿಂದ ಕತ್ತರಿ ಕಸಿದು ಗಿರಾಕಿಯ ಕಿವಿ ಉಳಿಸಿದವಳು, ಹೋಗಿ ಹೋಗಿ ಕಾವಲುಗಾರನ ಸಾಲಿಗೆ! ಆ ಮನುಷ್ಯನಿಗಾದರೂ ವಾರಕ್ಕೊಂದು ರಜೆ ಉಂಟು.

ಆದುದರಿಂದ ತಾವು ಕೃಪೆಯಿಟ್ಟು ಒಂದು ಸಮಿತಿ ರಚಿಸಿ, ನನ್ನ ಸೇವಾ ಹಿರಿತನವನ್ನು ಪರಿಗಣಿಸಿ ಬಡ್ತಿ ಕೊಡಿಸಬೇಕು. ಪ್ರೀತಿಪಾತ್ರರ ಹುದ್ದೆ ಖಾಲಿಯಿಲ್ಲದಿದ್ದರೆ ಕಷ್ಟದ ವ್ಯಕ್ತಿಯಾಗಲೂ ಸಿದ್ಧಳಿದ್ದೇನೆ. ಅದಕ್ಕೆ ಬೇಕಾದ ಅರ್ಹತೆಗಳೆಲ್ಲ ನನ್ನಲ್ಲಿವೆ, ಅಕ್ಕಪಕ್ಕದ ಮನೆಯವರೇ ಸಾಕ್ಷಿ. ಅದೂ ಆಗದಿದ್ದರೆ, ವಾರಕ್ಕೊಮ್ಮೆ ಗಂಟೆ ಬಾರಿಸಿ, ಉಸಿರಿನ ಬದಲು ಹೆಂಡತಿಯ ಮುಖವನ್ನು ಹತ್ತು ನಿಮಿಷ ಗಮನಿಸುವ ಧ್ಯಾನವೊಂದನ್ನು ಕಲಿಸಬೇಕು. ಅವರು ಮತ್ತೆ ಕುಡಿಯಲಿ ಎಂದು ನಾನು ಕೇಳುತ್ತಿಲ್ಲ. ಥೂ, ಆ ದಿನಗಳು ಶತ್ರುವಿಗೂ ಬೇಡ. ಕುಡಿತ ಬಿಟ್ಟ ಗಂಡ ನನಗೂ ಒಂದಿಷ್ಟು ಸಿಗಲಿ ಎಂದಷ್ಟೇ. ಸಿಗದಿದ್ದರೆ ಹೊಲಿಗೆ ಯಂತ್ರ ಹೊತ್ತುಕೊಂಡು ನನ್ನ ತಮ್ಮನ ಮನೆಗೆ ಹೋಗುವವಳಿದ್ದೇನೆ.

ಗಮನಕ್ಕೆ ಬಾರದಿದ್ದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದಿಂಬು ಹೊಲಿದವಳು

ತಾ.ಕ.: ಈ ಪತ್ರದ ಕರಡನ್ನು ಅವರು ನಿನ್ನೆ ಓದಿದರು. ಹನ್ನೊಂದು ತಿಂಗಳಲ್ಲಿ ಮೊದಲ ಬಾರಿ ಮುಖ ಕೆಂಪಗೆ ಮಾಡಿಕೊಂಡು, ಮನೆ ಮಾನ ಬೀದಿಗೆ ತರುತ್ತೀಯಾ ಎಂದು ಕಿರುಚಿದರು, ನಾನೂ ಬಿಡಲಿಲ್ಲ. ಆಮೇಲೆ ಅವರು ಕುಡಿಯಲು ಹೋಗಲಿಲ್ಲ, ತಮಗೆ ಫೋನನ್ನೂ ಮಾಡಲಿಲ್ಲ. ರಬ್ಬರು ಹುಡುಕಿ ತಂದು ನನ್ನ ಹೆಸರು ಅಳಿಸಿ, ಎಲ್ಲಿ ಬರೆಯಲಿ ಎಂದು ನನ್ನನ್ನೇ ಕೇಳಿ ಅತ್ತರು. ನಾನಿನ್ನೂ ಉತ್ತರ ಕೊಟ್ಟಿಲ್ಲ. ದಯವಿಟ್ಟು ತಾವೂ ಹೇಳಿಕೊಡಬೇಡಿ.