ಊಟಕ್ಕೆ ಮನೆಗೆ ಬರುವಷ್ಟು ದೂರದ ಕಾಲೇಜು

ಎಲ್ಲ ಶುರುವಾದದ್ದು ಒಂದು ಲೋಟ ಚಹಾದಿಂದ. ಕಳೆದ ಮಳೆಗಾಲದಲ್ಲಿ ಆರ್ಕಿಟೆಕ್ಚರ್ ಓದುವ ಇಬ್ಬರು ಹುಡುಗಿಯರು ಟೇಪು ಹಿಡಿದುಕೊಂಡು ಬಾಗಲಗುಂಟೆಯ ನಲ್ಲಪ್ಪನ ವಠಾರಕ್ಕೆ ಬಂದು, "ಅಂಕಲ್, ಇಲ್ಲಿರೋಕೆ ಏನಾದ್ರೂ ಕಷ್ಟ ಇದ್ಯಾ?" ಎಂದು ಕೇಳಿದ್ದರು. ಅರ್ಧ ಆಯುಸ್ಸು ಪೀಣ್ಯದ ಕಾರ್ಖಾನೆಯಲ್ಲಿ ಸವೆಸಿದ್ದ ಸಂಗಣ್ಣನಿಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಚಹಾ ಕೊಟ್ಟು ಕೂರಿಸಿಕೊಂಡ. ಗಾಳಿಯಿಲ್ಲ, ಬೆಳಕಿಲ್ಲ, ಪಕ್ಕದ ಮನೆಯ ಒಗ್ಗರಣೆಗೆ ಸೀನು ನಮಗೆ, ನಲ್ಲಿಯಲ್ಲಿ ನೀರಿಗಿಂತ ಸದ್ದೇ ಹೆಚ್ಚು ಎಂದು ಕತ್ತಲಾಗುವ ತನಕ ಬರೆಸಿದ. ಅವರು ನಕ್ಷೆ ಬಿಡಿಸುವುದನ್ನು ನೋಡುತ್ತ ಕೂತಿದ್ದ ಮಗಳು ಭಾಗ್ಯಶ್ರೀ ಅವತ್ತು ಹಿಡಿದ ಪೆನ್ಸಿಲನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

ಈಗ ಅವಳ ಪಿಯುಸಿ ಮುಗಿದಿತ್ತು. ಪ್ರವೇಶ ಪರೀಕ್ಷೆಗಳೂ ಆಗಿದ್ದವು. ಉಳಿದದ್ದು ಎರಡು ಕಾಲೇಜು: ಊರಿನ ಆಚೆ ತುದಿಯಲ್ಲಿ, ಸಿಂಗಸಂದ್ರದ ಹತ್ತಿರ ಡಿಸೈನ್ ಕಾಲೇಜು, ಈಚೆ ಪೀಣ್ಯದ ಬಳಿ ಆರ್ಕಿಟೆಕ್ಚರ್ ಕಾಲೇಜು. ಎರಡಕ್ಕೂ ಈ ಭಾನುವಾರವೇ ಕೊನೆ. ಅರ್ಜಿಯ ಜೊತೆಗೆ ಅವಳು ಬರೆದ ಚಿತ್ರಗಳ ಅಸಲನ್ನೇ ಕೊಡಬೇಕು. ಇದ್ದದ್ದು ಒಂದೇ ಕಟ್ಟು. ಎರಡನ್ನೂ ಕಣ್ಣಾರೆ ಕಂಡು, ತೂಗಿ, ಒಂದು ಕಡೆ ಕೊಟ್ಟುಬರಬೇಕು.

ಸಂಗಣ್ಣ ಕಾರ್ಖಾನೆಯಲ್ಲಿ ಮಾಲು ತಪಾಸಣೆಯವನು. ಯಾವ ಬಿಡಿಭಾಗ ಬಂದರೂ ಅಳತೆಯ ಗೇಜಿಗೆ ಹಾಕಿ 'ಪಾಸು' ಇಲ್ಲವೇ 'ರಿಜೆಕ್ಟು' ಎನ್ನುವುದೇ ಅವನ ಕೆಲಸ. ಕಾಲೇಜಿಗೂ ಅವನ ಹತ್ತಿರ ಒಂದು ಗೇಜಿತ್ತು: ಮಗಳು ರಾತ್ರಿ ಊಟಕ್ಕೆ ಮನೆಗೆ ಬರುತ್ತಾಳೋ ಇಲ್ಲವೋ. ಆದರೆ ಇದನ್ನು ಬಾಯಿಬಿಟ್ಟು ಹೇಳಿದರೆ ಹೆಂಡತಿ ಹೊಳೆವ್ವ ನಗುತ್ತಾಳೆ. ಹಾಗಾಗಿ ಬೇರೆ ಕಾರಣ ಹುಡುಕಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಮನೆ ಮಾಲೀಕ ನಲ್ಲಪ್ಪ ತನ್ನ ಹಳೆಯ ವ್ಯಾನನ್ನು ಕೆಮ್ಮಿಸುತ್ತ ತಂದು ನಿಲ್ಲಿಸಿದ. "ಗಾಡಿ ಅತ್ತು ಸಂಗಣ್ಣ. ಒಬ್ಬನ್ನೇ ಕಂಡ್ರೆ ಟೋಪಿ ಆಕ್ಬುಡ್ತಾರೆ."

ಪಕ್ಕದಲ್ಲಿ ಹೊಸ ಸೀರೆಯುಟ್ಟ ಅವನ ಹೆಂಡತಿ ಮುನಿಯಕ್ಕ. "ಸಿಂಗಸಂದ್ರದಾಗೆ ನಮ್ ತಮ್ಮನ ಮನೆ ಐತೆ. ಒಂದ್ ನಿಮ್ಸ ಇಳ್ಕೊಂಡು ಓಗಾಣ."

ಆ ನಿಮಿಷ ರಬ್ಬರಿನಂತೆ ಹಿಗ್ಗಿತು. ಮುನಿಯಕ್ಕನ ತಮ್ಮ ಬಾಡಿಗೆಗೆ ಖಾಲಿಯಿದ್ದ ಮೇಲ್ಮನೆಯ ನಲ್ಲಿ, ಅಟ್ಟ, ಬಚ್ಚಲು ಎಲ್ಲವನ್ನೂ ತಿರುಗಿಸಿ ತೋರಿಸಿದ. ಸಂಗಣ್ಣ ಮರ್ಯಾದೆಗೆ ತಲೆದೂಗಿದ.

ಡಿಸೈನ್ ಕಾಲೇಜಿನಲ್ಲಿ ಕೃಪಾ ಎಂಬ ಮೇಡಂ ಎದುರುಗೊಂಡರು. "ನಾಲ್ಕು ವರ್ಷದ ಕೋರ್ಸ್ ಸಾರ್. ಮೊದಲ ವರ್ಷ ಎಲ್ಲಾನೂ ಸ್ವಲ್ಪ ಸ್ವಲ್ಪ ಕಲಿತು, ಆಮೇಲೆ ಬಟ್ಟೆಯೋ ಪೀಠೋಪಕರಣವೋ ಆರಿಸಿಕೊಳ್ಳಬಹುದು."

"ನಾಲ್ಕ ಅಷ್ಟನ?" ಸಂಗಣ್ಣ ಮುಖ ಕಿವುಚಿದ. "ಅಲ್ಲೆ ಪೀಣ್ಯಾದ ಕಾಲೇಜಿನ್ಯಾಗ ಐದ ವರ್ಷ ಕೊಡ್ತಾರ್ರೀ ಮೇಡಮ್ಮಾರ."

ಕೋರ್ಸು ಇನ್ನಷ್ಟು ಉದ್ದವಾಗಲಿ ಎಂದು ಚೌಕಾಸಿ ಮಾಡುವ ತಂದೆಯನ್ನು ಕೃಪಾ ಹಿಂದೆಂದೂ ಕಂಡಿರಲಿಲ್ಲ. ಅವರು ಸಾವರಿಸಿಕೊಳ್ಳುವಷ್ಟರಲ್ಲಿ ಮುನಿಯಕ್ಕ, "ಸೀರೆಗೆ ಕುಚ್ಚು ಕಟ್ಟಾದೂ ಏಳ್ಕೊಡ್ತೀರಾ?" ಎಂದು ಕೇಳಿಯಾಗಿತ್ತು.

"ಅಪ್ಪಾ, ಹೇಗೆ ಕಲಿಸ್ತಾರೆ ಅಂತ ಕೇಳು, ಪ್ಲೀಸ್," ಭಾಗ್ಯಶ್ರೀ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಸಂಗಣ್ಣ ಕೇಳಲಿಲ್ಲ, ವಿದ್ಯಾರ್ಥಿಗಳು ಮಾಡಿಟ್ಟ ಒಂದು ಕುರ್ಚಿಯ ಮೇಲೆ ಕೂತ. ಕುರ್ಚಿ ಹಠಮಾರಿ ಕರುವಿನಂತೆ ಕಾಲು ಮಡಚಿತು. ಬಿದ್ದವನು ಲಾಟರಿ ಹೊಡೆದವನಂತೆ ಎದ್ದು, "ರಿಜೆಕ್ಟು!" ಎಂದ.

"ಸಾರ್, ಅದು ಕೂರೋದಕ್ಕಲ್ಲ. ಕೂರೋದು ಅಂದ್ರೆ ಏನು ಅಂತ ಯೋಚನೆ ಮಾಡೋದಕ್ಕೆ."

"ಯೋಚನಿ ಮಾಡಾಕ ನಮಗ ನೆಲಾ ಸಾಕ್ರೀ."

ಮಧ್ಯಾಹ್ನ ಆರ್ಕಿಟೆಕ್ಚರ್ ಕಾಲೇಜು. ಬಾಗಿಲಲ್ಲೇ ಚಾವಣಿಯಿಂದ ನೀರು ತೊಟ್ಟಿಕ್ಕಿ ನಲ್ಲಪ್ಪನ ಬೋಳುತಲೆಗೆ ಅಭಿಷೇಕವಾಯಿತು.

"ತಂಪ ಐತಿ. ಪಾಸು!" ಎಂದ ಸಂಗಣ್ಣ. ಕ್ಯಾಂಟೀನಿನ ಚಹಾ ಕುಡಿದು ಉಗುಳಿ, "ಭಾಳ ಕೆಟ್ಟೈತಿ. ಮನಿಗೇ ಬಂದ್ ಕುಡೀತಾಳ. ಪಾಸು!" ಎಂದ.

"ಅಪ್ಪಾ, ಇಲ್ಲಿಂದ ಮನೆಗೆ ನಡ್ಕೊಂಡು ಬರಬಹುದು. ಅದಕ್ಕೇ ತಾನೆ?"

ಸಂಗಣ್ಣ ಸೋರುವ ಚಾವಣಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಮಗಳು ನಕ್ಕಳು. ಸ್ಟುಡಿಯೋದ ಉದ್ದನೆಯ ಮೇಜುಗಳನ್ನೂ ಮೈಕೈಗೆಲ್ಲ ಅಂಟು ಮೆತ್ತಿಕೊಂಡ ಹುಡುಗಿಯರನ್ನೂ ನೋಡಿ ಅವಳ ಮನಸ್ಸು ಆಗಲೇ ಅಲ್ಲಿ ಕೂತುಬಿಟ್ಟಿತ್ತು. "ಹೋಗ್ಲಿ ಬಿಡು, ನಂಗೂ ಇದೇ ಇಷ್ಟ."

ಹೊರಬರುವ ಹಜಾರದಲ್ಲಿ ಬಹುಮಾನ ಪಡೆದ ಒಂದು ಮಾದರಿ ಇತ್ತು. ಹೆಸರು, 'ಉಸಿರಾಡುವ ವಠಾರ'. ಒಂದು ಬದಿಗೆ ನಲ್ಲಪ್ಪನ ವಠಾರ, ಇದ್ದಂತೆಯೇ, ರಟ್ಟಿನಲ್ಲಿ. ಇನ್ನೊಂದು ಬದಿಗೆ ಅದು ಹೇಗಿರಬೇಕು ಎಂಬುದು: ಹನ್ನೆರಡು ಮನೆಗಳ ಜಾಗದಲ್ಲಿ ನಾಲ್ಕು, ನಡುವೆ ಅಂಗಳ, ಮರ, ಮರದಡಿ ಬೆಂಚಿನಲ್ಲಿ ಪುಸ್ತಕ ಓದುವ ರಟ್ಟಿನ ಮನುಷ್ಯ. ಗಾಳಿಗೆ ದಾರಿ ಮಾಡಿಕೊಡಲು ಎಂಟು ಸಂಸಾರಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದಿದ್ದರು. ಅವು ಎಲ್ಲಿಗೆ ಹೋದವೆಂದು ಎಲ್ಲೂ ಬರೆದಿರಲಿಲ್ಲ. ಕೆಳಗೆ ಮಾತ್ರ ಚೆಂದದ ಅಕ್ಷರದಲ್ಲಿ, 'ಮಾಹಿತಿ ನೆರವು: ನಿವಾಸಿ ಸಂಗಣ್ಣ'.

"ನನ್ನ ಹೆಸರ ಹಾಕ್ಯಾರ!" ಸಂಗಣ್ಣ ಹಿಗ್ಗಿ ಹೀರೇಕಾಯಿಯಾದ. ಬೇರೇನೂ ಅವನ ಕಣ್ಣಿಗೆ ಬೀಳಲಿಲ್ಲ. ಅದೇ ಖುಷಿಯಲ್ಲಿ ಚಿತ್ರದ ಕಟ್ಟನ್ನು ಕಚೇರಿಗೆ ತಾನೇ ಒಪ್ಪಿಸಿ ಬಂದ. ನಲ್ಲಪ್ಪ ಮಾತ್ರ ಇನ್ನೂ ಆ ಮಾದರಿಯ ಸುತ್ತ ಪ್ರದಕ್ಷಿಣೆ ಹಾಕುತ್ತ ಫೋಟೋ ತೆಗೆಯುತ್ತಿದ್ದ.

ಸಂಜೆ ಹೊಳೆವ್ವ ಮಿರ್ಚಿ ಕರಿದಳು. ಎಲ್ಲರೂ ಬಾಗಿಲ ಮುಂದೆ ಕೂತರು. ಸಂಗಣ್ಣನಿಗೆ ಜೀವ ಹಗುರಾಗಿತ್ತು. ಇನ್ನು ಐದು ವರ್ಷ ರಾತ್ರಿಯ ರೊಟ್ಟಿ ಮಗಳ ಜೊತೆಗೇ.

ನಲ್ಲಪ್ಪ ಬಾಯಿ ಒರೆಸಿಕೊಂಡ. "ಸಂಗಣ್ಣ, ನೀನ್ ಆ ಮಕ್ಳಿಗೆ ಏಳಿರೋದೆಲ್ಲ ದಿಟ ಕಣಪ್ಪ. ಗಾಳಿ ಇಲ್ಲ, ಬೆಳ್ಕಿಲ್ಲ. ಇದನ್ನ ಕೆಡವ್ಬುಟ್ಟು ಅಂಗೇ ಕಟ್ಬುಡಾಣ ಅಂತ. ನಾಕೇ ಮನೆ. ಕಾರಿರೋ ಕಂಪ್ನಿಯೋರು ಬತ್ತಾರೆ, ಬಾಡ್ಗೇನೂ ಜಾಸ್ತಿ."

ಸಂಗಣ್ಣನ ಮಿರ್ಚಿ ಬಾಯಿಯ ಬಾಗಿಲಲ್ಲೇ ನಿಂತಿತು. "ಮತ್ತ ನಾವು?"

"ನಿಮ್ನ ಬೀದೀಲಿ ಬಿಡ್ತೀವಾ?" ಮುನಿಯಕ್ಕ ಅಕ್ಕರೆಯಿಂದ ಅಂದಳು. "ನಮ್ ತಮ್ಮನ ಮೇಲ್ಮನೆ ಮಾತಾಡ್ಬುಟ್ಟೆ. ಬೆಳಿಗ್ಗೆ ತಲೆದೂಗಿದ್ಯಲ್ಲ! ನಿನ್ ಕೆಲ್ಸಕ್ಕೆ ಮೆಟ್ರೋ ಐತೆ. ಮಗೀನ ಆ ಡಿಸೈನ್ ಕಾಲೇಜ್ಗೆ ಸೇರ್ಸಿದ್ರೆ ಮದ್ಯಾನ್ದ ಊಟಕ್ಕೂ ಮನೇಗೇ ಬರ್ತಿತ್ತು, ಪಕ್ಕದ್ ಬೀದಿ."

ಹೊಳೆವ್ವ ಬಾಣಲೆಯಿಂದ ತಲೆಯೆತ್ತಲಿಲ್ಲ. "ಆ ಹುಡುಗ್ಯಾರಿಗೆ ಚಾ ಕೊಟ್ಟು ಕುಂದ್ರಿಸಿದವ್ರು ಯಾರ್ರೀ?"

ಭಾಗ್ಯಶ್ರೀ ನಗು ತಡೆದುಕೊಂಡು ಅಪ್ಪನ ತಟ್ಟೆಗೆ ಇನ್ನೊಂದು ಬಿಸಿ ಮಿರ್ಚಿ ಹಾಕಿದಳು.

"ಹಾಗಾದ್ರೆ ನಂಗೆ ಹಾಸ್ಟೆಲ್ಲೇ ಗತಿ ಅಪ್ಪಾ. ಅದೂ ನಾಲ್ಕಲ್ಲ, ಐದು ವರ್ಷ. ನೀನೇ ಚೌಕಾಸಿ ಮಾಡಿದ್ದು."