ಸಣ್ಣ ಶಬ್ದಗಳಿಗೆ ಸ್ಥಳವಿಲ್ಲ

ಕಂಪ್ಯೂಟರ್ ಕಲಿತ ಗಂಡನನ್ನಾದರೂ ಸುಧಾರಿಸಬಹುದು, ಕಂಪ್ಯೂಟರ್ ಕಲಿಸುವ ಗಂಡನನ್ನು ಸುಧಾರಿಸುವುದು ಬ್ರಹ್ಮನಿಂದಲೂ ಆಗದು ಎಂದು ನನ್ನ ಹೆಂಡತಿ ಗಾಯತ್ರಿ ಪಕ್ಕದ ಮನೆಯ ದೇವಿಯ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿತ್ತು. (ಬೀಳಲಿ ಅಂತಲೇ ಹೇಳಿದ್ದು. ನಾನು ಅಲ್ಲೇ ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತಿದ್ದೆ.)

ಭಟ್ಕಳದಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ. ಟೈಪ್‌ರೈಟರುಗಳೆಲ್ಲ ಒಂದೊಂದಾಗಿ ಗುಜರಿಗೆ ಹೋಗಿ ಅವುಗಳ ಜಾಗದಲ್ಲಿ ಕಂಪ್ಯೂಟರುಗಳು ಬಂದು ಕೂತ ಮೇಲೆ ಬೋರ್ಡಿಗೆ ‘ಮತ್ತು ಕಂಪ್ಯೂಟರ್’ ಎಂದು ಸೇರಿಸಿದೆ. ಅದರ ಜೊತೆಗೆ ನನ್ನ ನಡಿಗೆಗೂ ಒಂದಿಷ್ಟು ಗಾಂಭೀರ್ಯ ಸೇರಿಕೊಂಡಿತು. ಮನೆ ಮಾತ್ರ ಮಾವಳ್ಳಿಯಲ್ಲಿ. ಪಕ್ಕದ ಮುರುಡೇಶ್ವರಕ್ಕೆ ಬರುವ ಜನರಿಗೆಂದು ಮಹಡಿಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವ ಯೋಚನೆ ಗಾಯತ್ರಿಯದು. ಬಂದು ಉಳಿದುಕೊಂಡವರಿಗೆ ಊಟವನ್ನೂ ಅವಳೇ ಹಾಕುತ್ತಾಳೆ. ಅದಕ್ಕೊಂದು ವೆಬ್‌ಸೈಟ್ ಬೇಕೆಂಬ ಘನವಾದ ಆಲೋಚನೆ ಮಾತ್ರ ನನ್ನದು. ಇದು ಎರಡು ಸಾವಿರದ ಏಳನೇ ಇಸವಿಯ ಮಾತು.

ವೆಬ್‌ಸೈಟ್ ಮಾಡಿಕೊಟ್ಟವನು ಕುಮಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗಾಯತ್ರಿಯ ತಮ್ಮ ಸಂಜಯ. ಪುಟಗಳೇನೋ ಚೆನ್ನಾಗಿದ್ದವು. ಸಮುದ್ರದ ಫೋಟೋ ಇತ್ತು, ಕೋಣೆಯ ಫೋಟೋ ಇತ್ತು, ಒಂದು ಮೂಲೆಯಲ್ಲಿ ಹಂಡೆಯ ಹಿಂದಿನಿಂದ ಇಣುಕುವ ನಾನೂ ಇದ್ದೆ. ಆದರೆ ಅದನ್ನು ನೋಡಿ ಬಂದವರು ಒಬ್ಬರೂ ಇಲ್ಲ. ಫೋನ್ ಮಾಡಿ ಕೇಳಿದರೆ ಸಂಜಯ ಮೂಲವ್ಯಾಧಿಯನ್ನೇ ಹೇಳಿದ.

“ಭಾವ, ನಿಮ್ಮ ಪುಟದ ವಿಳಾಸ ನೋಡಿದ್ರ? ಪೇಜ್, ಪ್ರಶ್ನೆ ಚಿಹ್ನೆ, ಐಡಿ ಈಕ್ವಲ್ ಟು ಹದಿನೇಳು. ಹಿಂಗಿದ್ರೆ ಸರ್ಚ್ ಎಂಜಿನ್ನಿಗೆ ಎಂತ ಗೊತ್ತಾಗ್ತದೆ? ವಿಳಾಸದಲ್ಲೇ ಶಬ್ದ ಇರ್ಬೇಕು. ಜನ ಎಂತ ಟೈಪ್ ಮಾಡಿ ಹುಡುಕ್ತಾರೋ ಅದೇ ಶಬ್ದ. ಶಬ್ದಕ್ಕೂ ಶಬ್ದಕ್ಕೂ ಮಧ್ಯೆ ಒಂದು ಅಡ್ಡಗೆರೆ. ಇನ್, ಆಫ್, ದಿ, ಅಂಥ ಸಣ್ಣ ಶಬ್ದ ಎಲ್ಲ ತೆಗ್ದುಬಿಡಿ. ಅದಕ್ಕೆಲ್ಲ ಬೆಲೆ ಇಲ್ಲ.”

“ಅಷ್ಟೇ ಅಲ್ವಾ? ನಾನೇ ಮಾಡ್ತೆ,” ಎಂದೆ.

ಅಡ್ಡಗೆರೆಯನ್ನು ಬಲಗೈಯ ಕಿರುಬೆರಳಿನಿಂದ ಒತ್ತಬೇಕೆಂದು ಭಟ್ಕಳ ತಾಲೂಕಿನ ಅರ್ಧದಷ್ಟು ಗುಮಾಸ್ತರಿಗೆ ಕಲಿಸಿದವನು ನಾನು. ನನಗಿದು ಯಾವ ಲೆಕ್ಕ?

ಈ ವಿದ್ಯೆ ತಲೆಗೆ ಹತ್ತಿದ್ದೇ ತಡ, ಜಗತ್ತಿನ ಸಕಲ ಚರಾಚರ ವಸ್ತುಗಳಿಗೂ ಸರಿಯಾದ ವಿಳಾಸ ಇಲ್ಲವೆಂದು ನನಗೆ ಕಾಣತೊಡಗಿತು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ‘ಬೇಳೆ-ಕಡಲೆ-ಹುರಿದ’, ‘ಹಿಟ್ಟು-ಅಕ್ಕಿ-ದೋಸೆ’, ಹೀಗೆ. ಗಾಯತ್ರಿ ಒಳಗೆ ಬಂದವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಎಂತ ಇದು?”

“ಹುಡುಕೂದಕ್ಕೆ ಸುಲಭ ಆಗ್ಲಿ ಅಂತ.”

“ಹುಡುಕೂದು ಯಾರು? ಈ ಅಡುಗೆಮನೇಲಿ ಹುಡುಕುವವರು ನೀವೊಬ್ರೇ. ಅದೂ ಬೆಲ್ಲದ ಡಬ್ಬಿ ಮಾತ್ರ. ಅದಕ್ಕೆ ನಾ ಬೇಕಂತಲೇ ಹೆಸರು ಹಾಕಿಲ್ಲ.”

ನಾನು ಮಾತಿನಲ್ಲೂ ಸಣ್ಣ ಶಬ್ದಗಳನ್ನು ಬಿಟ್ಟೆ. “ಗಾಯತ್ರಿ! ಚಹಾ! ಬಿಸಿ!” ಎಂದು ಜಗುಲಿಯಿಂದ ಕೂಗಿದರೆ ಒಳಗಿನಿಂದ “ಪಾತ್ರೆ! ಒಲೆ! ನೀವೇ!” ಎಂದು ಉತ್ತರ ಬಂತು. ವಿದ್ಯೆ ಬೇಗ ಹರಡುತ್ತದೆ.

ಅದಿರಲಿ. ಒಂದು ಇಡೀ ದಿನ ಇನ್‌ಸ್ಟಿಟ್ಯೂಟಿನಲ್ಲಿ ಕೂತು ನಮ್ಮ ವೆಬ್‌ಸೈಟಿನ ಎಲ್ಲ ಪುಟಗಳ ವಿಳಾಸ ಬದಲಿಸಿದೆ. ಪುಟದ ಇಂಗ್ಲಿಷ್ ತಲೆಬರಹ ತೆಗೆದುಕೊಳ್ಳುವುದು, ಮೂರು ಅಕ್ಷರದೊಳಗಿನ ಶಬ್ದಗಳನ್ನು ಕಂಡ ಕಂಡಲ್ಲಿ ಕಿತ್ತುಹಾಕುವುದು, ಉಳಿದವುಗಳ ಮಧ್ಯೆ ಗೆರೆ ಎಳೆಯುವುದು. (ರೂಮ್, ಹೌಸ್ ಮುಂತಾದವು ದೊಡ್ಡ ಶಬ್ದಗಳಾದ್ದರಿಂದ ಬಚಾವಾದವು. ‘ಸೀ’ ಮೂರೇ ಅಕ್ಷರದ್ದು. ಆದರೆ ಸಮುದ್ರವನ್ನು ಸಣ್ಣದೆನ್ನುವ ಧೈರ್ಯ ನನಗಾಗಲಿಲ್ಲ. ಅದರ ಹಿಂದೆಯೇ ಬಂದ, ದೂರ ಎಂಬರ್ಥದ ‘ಫಾರ್’ ಕೂಡ ಆ ದಾಕ್ಷಿಣ್ಯದಲ್ಲೇ ಉಳಿದುಕೊಂಡಿತು.) ಸಂಜೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ಹೆದ್ದಾರಿಯ ಮೈಲುಗಲ್ಲುಗಳೂ ನನಗೆ ತಲೆಬಾಗುತ್ತಿರುವಂತೆ ಕಂಡವು.

ಹದಿನೈದು ದಿನ ಕಳೆಯಿತೋ ಇಲ್ಲವೋ, ಫೋನ್ ಬಂತು.

“ಹಲೋ, ಹುಬ್ಬಳ್ಳಿಯಿಂದ ಹೊಸಮನಿ ಮಾತಾಡೂದ್ರಿ. ನಿಮ್ಮ ವೆಬ್‌ಸೈಟ್ ಸಿಕ್ತ್ರಿ. ಐತವಾರ ಮಧ್ಯಾಹ್ನ ಬರ್ತೀವಿ, ಮನಿ ಮಂದಿ ಎಲ್ಲ. ಊಟ ಸಿಗ್ತೈತಲ್ರಿ?”

“ಧಾರಾಳವಾಗಿ!” ಎಂದೆ, ಹಿಗ್ಗಿ ಹೀರೇಕಾಯಿಯಾಗಿ.

“ಅಂದ್ರ, ಸ್ಪೆಶಲ್ ಊಟ ಅಲ್ರೀ?”

“ನಮ್ಮಲ್ಲಿ ಎಲ್ಲ ಸ್ಪೆಶಲ್ಲೇ.”

“ತಾಜಾ ಇರ್ತೈತಲ್ಲ?”

“ಬೆಳಿಗ್ಗೆ ತಂದದ್ದು, ಮಧ್ಯಾಹ್ನಕ್ಕೆ ಎಲೆಗೆ.” ನಾನು ಹೇಳಿದ್ದು ಹಿತ್ತಲ ಬಸಳೆಯ ವಿಷಯ.

“ಭಾಳ ಛಲೋ ಆತ್ರಿ. ನಮ್ಮವ್ವ ಸಮುದ್ರಾನೂ ನೋಡಿಲ್ಲ, ಸಮುದ್ರದ್ದೂ ತಿಂದಿಲ್ಲ. ಹಠ ಹಿಡಿದು ಕುಂತಾಳ.”

ಸಮುದ್ರದ್ದು ಎಂದರೆ ಉಪ್ಪು ಇರಬೇಕೆಂದು ಅಂದುಕೊಂಡು ಫೋನ್ ಇಟ್ಟೆ. ಗಾಯತ್ರಿಗೆ ವಿಷಯ ತಿಳಿಸಿ, ಎದೆ ಮುಂದೆ ಮಾಡಿ, “ನೋಡಿದ್ಯಾ ವಿಳಾಸದ ಮಹಿಮೆ?” ಎಂದೆ. ಆ ಒಂದು ಕ್ಷಣ ಅವಳ ಕಣ್ಣಲ್ಲಿ ಕಂಡ ಮೆಚ್ಚುಗೆ ಮದುವೆಯ ಹೊಸತರಲ್ಲಿ ನಾನು ತೆಂಗಿನಮರ ಹತ್ತಲು ಹೊರಟಾಗಲೂ ಕಂಡಿರಲಿಲ್ಲ.

ಭಾನುವಾರ ಗಾಯತ್ರಿ ಕೈ ಬಿಚ್ಚಿ ಅಡುಗೆ ಮಾಡಿದಳು. ಬಸಳೆಯ ಹುಳಿ, ಹಾಗಲಕಾಯಿ ಗೊಜ್ಜು, ಮಾವಿನಕಾಯಿಯ ಅಪ್ಪೆಹುಳಿ, ಹಲಸಿನ ಹಪ್ಪಳ, ಪಾಯಸ. ಹನ್ನೆರಡೂವರೆಗೆ ಒಂದು ಟೆಂಪೋ ಬಂದು ನಿಂತಿತು. ಅದರಿಂದ ಹೊಸಮನಿಯವರು, ಅವರ ಹೆಂಡತಿ, ಅಣ್ಣ ತಮ್ಮಂದಿರು, ಮಕ್ಕಳು, ಕೊನೆಯಲ್ಲಿ ಇಬ್ಬರು ಕೈ ಹಿಡಿದು ಇಳಿಸಿದ ಒಬ್ಬ ಅಜ್ಜಿ. ಅಜ್ಜಿ ಇಳಿದವಳೇ ಮೂಗರಳಿಸಿ ಗಾಳಿಯನ್ನು ಎಳೆದುಕೊಂಡಳು.

“ವಾಸನೀನೇ ಬರವಲ್ದು?” ಎಂದಳು.

ಎಲೆಗಳ ಮುಂದೆ ಎಲ್ಲರೂ ಕೂತರು. ಗಾಯತ್ರಿ ಬಡಿಸುತ್ತ ಬಂದಳು. ಅನ್ನ ಬಂತು, ಹುಳಿ ಬಂತು, ಗೊಜ್ಜು ಬಂತು. ಯಾರೂ ಕೈ ಹಚ್ಚಲಿಲ್ಲ. ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲಿನ ಮೇಲೆ. ಹಪ್ಪಳ ಬಂದಾಗ ಒಬ್ಬ ಹುಡುಗ ಅದನ್ನು ಮಗುಚಿ ಅಡಿಯಲ್ಲಿ ಏನಾದರೂ ಇದೆಯೋ ಎಂದು ನೋಡಿದ. ಕೊನೆಗೆ ಅಜ್ಜಿಯೇ ಬಾಯಿಬಿಟ್ಟಳು.

“ಯವ್ವಾ, ಇದೆಲ್ಲ ನೆಂಚ್ಕೊಳ್ಳಾಕ ಛಲೋ ಐತಿ. ಮೀನ ಯಾವಾಗ ತರ್ತೀ?”

ಗಾಯತ್ರಿಯ ಕೈಯಲ್ಲಿದ್ದ ಸೌಟು ನಿಂತಲ್ಲೇ ನಿಂತಿತು. ಆಮೇಲೆ ಅದು ನಿಧಾನವಾಗಿ, ದಿಕ್ಸೂಚಿಯ ಮುಳ್ಳಿನಂತೆ, ನನ್ನ ಕಡೆಗೆ ತಿರುಗಿತು.

“ನಮ್ಮಲ್ಲಿ ಮೀನು ಮಾಡೂದಿಲ್ಲ. ಅದನ್ನೇ ವೆಬ್‌ಸೈಟಿನಲ್ಲಿ ಒಂದು ಪುಟ ಪೂರ್ತಿ ಬರೆಸಿದ್ದೆ ನಾನು,” ಎಂದಳು.

“ಅಲ್ರೀ ಅಕ್ಕಾರ,” ಎಂದು ಹೊಸಮನಿಯವರು ಜೇಬಿನಿಂದ ಒಂದು ಚೀಟಿ ತೆಗೆದರು. “ನನ್ನ ತಮ್ಮ ಹುಡುಕಿದಾಗ ಎಲ್ಲಾರಕಿಂತ ಮ್ಯಾಲ ನಿಮ್ದ ಬಂತು. ನೆಟ್ ನಿಧಾನ, ಪುಟ ಪೂರ್ತಿ ತೆರೀಲೇ ಇಲ್ಲ. ಮ್ಯಾಲ ಕಂಡ ವಿಳಾಸ, ಫೋನ್ ನಂಬರ್ ಅಷ್ಟ ಬರಕೊಂಡ. ನೋಡ್ರಿ, ಫಿಶ್, ಮೀಲ್ಸ್, ಹೌಸ್, ಮುರುಡೇಶ್ವರ. ಹೋಟೆಲಿನ ಹೆಸರ ಅಂತ ತಿಳಕೊಂಡ್ವಿ.”

ನನಗೆ ಆ ಪುಟದ ತಲೆಬರಹ ನೆನಪಾಯಿತು. ‘ನೋ ಫಿಶ್ ಮೀಲ್ಸ್ ಇನ್ ಅವರ್ ಹೌಸ್ ಅಟ್ ಮುರುಡೇಶ್ವರ.’ ನಮ್ಮ ಮನೆಯಲ್ಲಿ ಮೀನೂಟ ಇಲ್ಲ ಎಂದು. ಅದರಲ್ಲಿ ‘ನೋ’ ಎಂಬುದು ಎರಡೇ ಅಕ್ಷರದ್ದು. ಸಣ್ಣ ಶಬ್ದ. ಕಿತ್ತುಹಾಕಿದ್ದೆ.

“ಇನ್ನುಳಿದದ್ದು ಎಂತೆಂತ ಮಾಡಿದ್ರಿ, ಈಗಲೇ ಹೇಳಿಬಿಡಿ,” ಎಂದಳು ಗಾಯತ್ರಿ ತಣ್ಣಗೆ.

ಹೇಳಿದೆ. ಸಮುದ್ರ ನಮ್ಮ ಮನೆಯಿಂದ ದೂರವಿಲ್ಲ ಎಂಬ ಪುಟದ ವಿಳಾಸ ‘ಸಮುದ್ರ-ದೂರ’ ಎಂದಾಗಿತ್ತು. ಕೋಣೆಗಳಲ್ಲಿ ಸೊಳ್ಳೆ ಇಲ್ಲ ಎಂಬ ಪುಟ ‘ಸೊಳ್ಳೆ-ಕೋಣೆ’ ಎಂದಾಗಿತ್ತು. ಮೊದಲು ನಕ್ಕವಳು ಅಜ್ಜಿ. ಬೊಚ್ಚುಬಾಯಿ ಬಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಕ್ಕು ಸುಸ್ತಾದ ಮೇಲೆ, “ಹೋಗ್ಲಿ ಬಿಡವ್ವಾ. ಸಮುದ್ರನಾರ ನೋಡಿದ್ನಿ,” ಎಂದು ಅನ್ನಕ್ಕೆ ಕೈ ಹಾಕಿದಳು. ಆ ‘ಹೋಗ್ಲಿ ಬಿಡು’ ಗಾಯತ್ರಿಗೆ ತಾಗಿತು. ನನಗೂ ತಾಗಿತು.

ಗಾಯತ್ರಿ ಸೌಟು ಕೆಳಗಿಟ್ಟಳು. “ಅಜ್ಜೀ, ಒಂದು ಗಳಿಗೆ ತಡೀರಿ,” ಎಂದು ಹಿತ್ತಲ ಬಾಗಿಲಿನಿಂದ ಹೊರಟವಳು ಬೇಲಿಯ ಹತ್ತಿರ ನಿಂತು ಕೂಗಿದಳು.

“ದೇವೀ! ತಿಮ್ಮ ಇಂದು ದೋಣಿಗೆ ಹೋಗಿದ್ನಾ?”

“ನಮ್ಮನೆಯವರಾ? ಹೋಗಿ ಬಂದ್ರು. ಬಂಗಡೆ ರಾಶಿ ಬಂದದೆ. ಎಂತ ಆತು ಗಾಯತ್ರಮ್ಮ?”

“ನಮ್ಮನೆಯವರು ನಿನ್ನ ಮನೇಲಿ ಹದಿಮೂರು ಜನಕ್ಕೆ ಊಟ ಇಟ್ಟುಕೊಂಡಿದ್ರು. ನಿಂಗೆ ಹೇಳೂದಕ್ಕೆ ಮರೆತ್ರಂತೆ!”

ದೇವಿ ಬೇಲಿಯಾಚೆಯಿಂದ, ಗಾಯತ್ರಿಯ ಹಿಂದೆ ಬಂದು ನಿಂತಿದ್ದ ನನ್ನ ಮುಖ ನೋಡಿದಳು. ಏನು ಅರ್ಥವಾಯಿತೋ, ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದಳು. ಮುಕ್ಕಾಲು ಗಂಟೆಯಲ್ಲಿ ದೇವಿಯ ಅಂಗಳದಲ್ಲಿ ಚಾಪೆ ಹಾಸಿತ್ತು. ಹುಬ್ಬಳ್ಳಿಯ ಪರಿವಾರ ತಮ್ಮ ತಮ್ಮ ಎಲೆಗಳನ್ನು ಎರಡು ಕೈಯಲ್ಲಿ ಹಿಡಿದು, ಗೊಜ್ಜು ಚೆಲ್ಲದಂತೆ, ದಿಬ್ಬಣದ ಹಾಗೆ ಸಾಲಾಗಿ ಬೇಲಿ ದಾಟಿತು. ಅನ್ನ, ಅಪ್ಪೆಹುಳಿ ನಮ್ಮಲ್ಲಿಂದ. ಬಂಗಡೆ ಸಾರು, ಹುರಿದ ಬಂಗಡೆ ದೇವಿಯದು. ತಿಮ್ಮ ಅಜ್ಜಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮುಳ್ಳು ಬಿಡಿಸಿಕೊಟ್ಟ. ಅಜ್ಜಿ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದವಳು ಬಹಳ ಹೊತ್ತು ತೆರೆಯಲೇ ಇಲ್ಲ. ನಮಗೆಲ್ಲ ಗಾಬರಿಯಾಯಿತು. ತೆರೆದು, “ಇನ್ನೊಂದ ಹಾಕು,” ಎಂದಳು.

ಸಂಜೆ ಟೆಂಪೋ ಹೋದ ಮೇಲೆ ನಾನು ಗಾಯತ್ರಿಯ ಎದುರು ತಲೆ ತಗ್ಗಿಸಿ ನಿಂತೆ. “ನಾಳೆ ಬೆಳಿಗ್ಗೆಯೇ ಹೋಗಿ ಆ ವಿಳಾಸ ಸರಿ ಮಾಡ್ತೆ.”

“ಮುಟ್ಟಿದ್ರೆ ನೋಡಿ!” ಎಂದಳು. “ಸೊಳ್ಳೆದು, ಸಮುದ್ರದ್ದು ಸರಿ ಮಾಡಿ. ಮೀನಿಂದು ಹಾಂಗೇ ಇರ್ಲಿ. ನಾನೂ ದೇವಿಯೂ ಮಾತಾಡಿ ಆತು. ಐತವಾರ ಬಂದವರಿಗೆ ಅವಳ ಅಂಗಳದಲ್ಲಿ ಊಟ. ಅನ್ನ ನಂದು, ಸಾರು ಅವಳದ್ದು.”

ಪುಟದೊಳಗಿನ ಬರಹವನ್ನು ಅವಳೇ ಹೇಳಿ ಬರೆಸಿದಳು. ಜನ ಬರತೊಡಗಿದರು. ನನ್ನ ವಿಳಾಸದಿಂದಲೇ ಎರಡು ಮನೆಯ ಒಲೆ ಉರಿಯುತ್ತಿದೆ ಎಂದು ನಾನು ಒಳಗೊಳಗೇ ಮೀಸೆ ತಿರುವಿದೆ. ಅಷ್ಟರಲ್ಲಿ ಒಂದು ಶನಿವಾರ ತಿಮ್ಮನ ದೋಣಿಯ ಎಂಜಿನ್ ಕೆಟ್ಟಿತು. ಮಾರನೆಯ ದಿನಕ್ಕೆ ಶಿರಸಿಯ ಒಂದು ಬಳಗ ಬರುವುದಿತ್ತು. ಇಬ್ಬರು ಹೆಂಗಸರೂ ಬೇಲಿಯ ಆಚೆ ಈಚೆ ನಿಂತು ಪಿಸುಗುಟ್ಟಿ, ಒಟ್ಟಿಗೇ ನನ್ನ ಕಡೆ ತಿರುಗಿದರು.

“ಮಾಸ್ತರ್ರೇ, ಹೆಂಗೂ ನಿಮಗೆ ಸ್ಕೂಟರ್ ಇದ್ದದಲ್ಲ,” ಎಂದಳು ದೇವಿ.

ಹುಟ್ಟಿದಾಗಿನಿಂದ ಮೀನನ್ನು ಚಿತ್ರದಲ್ಲೂ ಓರೆಗಣ್ಣಿನಿಂದ ನೋಡಿದ ನಾನು ಹಾಗೆ ಭಾನುವಾರ ಬೆಳಿಗ್ಗೆ ಭಟ್ಕಳದ ಮೀನುಪೇಟೆಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದೆ. ಸೋಮಿ ಎಂಬ ಹೆಂಗಸು ಬುಟ್ಟಿ ಮುಂದೆ ತಳ್ಳಿದಳು. ಏನು ಪರೀಕ್ಷೆ ಮಾಡಬೇಕೆಂದು ಗೊತ್ತಾಗದೆ ನಾನು ಒಂದು ಬಂಗಡೆಯನ್ನು ಎತ್ತಿ ಅದರ ಬಾಲದ ತುದಿ ಮುರಿದು ನೋಡಿದೆ.

“ಎಂತ ಮಾಡ್ತ್ರಿ ಮಾಸ್ತರ್ರೇ?”

“ಎಳೆಯದೋ ಬಲಿತದ್ದೋ ನೋಡೂದಪ್ಪ.”

“ಅಯ್ಯಯ್ಯೋ, ಇದೆಂತ ಬೆಂಡೆಕಾಯಾ!”

ಇಡೀ ಪೇಟೆ ನಕ್ಕಿತು. ಆ ಗದ್ದಲಕ್ಕೆ ಹಾದಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. ನಮ್ಮ ಮನೆಯ ಪುರೋಹಿತರು. ನನ್ನನ್ನು, ನನ್ನ ಕೈಯಲ್ಲಿದ್ದ ಬಂಗಡೆಯನ್ನು, ಮತ್ತೆ ನನ್ನನ್ನು ನೋಡಿ, ಕೊಡೆ ಅಡ್ಡ ಹಿಡಿದು ಬೇಗಬೇಗ ನಡೆದರು.

ಸೋಮಿ ಪಾಪ, ಕಿವಿರು ಬಿಡಿಸಿ ತೋರಿಸಿ, ಕೆಂಪಗಿದ್ದರೆ ತಾಜಾ ಎಂದು ಕಲಿಸಿಕೊಟ್ಟಳು. ಮನೆಗೆ ಬಂದಾಗ ದೇವಿ ಚೀಲದೊಳಗೆ ಕೈ ಹಾಕಿ ನೋಡಿ, “ಎಷ್ಟು ಚೊಲೋದು ತಂದ್ರಿ ಮಾಸ್ತರ್ರೇ! ನಮ್ಮನೆಯವರಿಗೂ ಹೀಂಗೆ ಆರಿಸಿ ತರೂದಕ್ಕೆ ಬರೂದಿಲ್ಲ,” ಎಂದಳು. ನಾನು ಉಬ್ಬಿಹೋಗಿ, ತಡೆಯಲಾರದೆ, “ಕಿವಿರು ನೋಡ್ಬೇಕು ದೇವೀ, ಕಿವಿರು!” ಎಂದುಬಿಟ್ಟೆ.

ಒಳಗಿನಿಂದ ಗಾಯತ್ರಿಯ ದನಿ ಬಂತು. “ಹಂಗಾರೆ ಆತು. ಇನ್ನು ಮೇಲೆ ದೋಣಿ ಇರ್ಲಿ, ಬಿಡ್ಲಿ, ಪ್ರತಿ ಐತವಾರ ಇವರೇ ತರ್ಲಿ. ಏನ್ರೀ, ಅಲ್ಲೇ ನಿಲ್ಲಿ! ಮೆಟ್ಟಿಲು ಹತ್ತಬೇಡಿ! ತಲೆಗೆ ನೀರು ಹಾಕ್ಕೊಂಡೇ ಒಳಗೆ ಬನ್ನಿ!”

ಈಗ ನಾನು ಇದನ್ನು ಬಾವಿಕಟ್ಟೆಯ ಮೇಲೆ ಒದ್ದೆ ಪಂಚೆಯಲ್ಲಿ ಕೂತು ನಿಮಗೆ ಹೇಳುತ್ತಿದ್ದೇನೆ. ಬೇಲಿಯಾಚೆ ಎರಡನೇ ಪಂಕ್ತಿ ಕೂತಿದೆ. ನನ್ನ ಊಟಕ್ಕೆ ಇನ್ನೂ ಹೊತ್ತಿದೆ. ಮಾವಳ್ಳಿಯ ಬೆಕ್ಕುಗಳೆಲ್ಲ ನನ್ನ ಸುತ್ತ ಕೂತು, ಬಹಳ ಗೌರವದಿಂದ ನನ್ನ ಮುಖವನ್ನೇ ನೋಡುತ್ತಿವೆ.