ಡ್ರಿಲ್ ಮೇಷ್ಟ್ರ ಖಾರದ ಉಂಡೆ

ಬೇರೆಯವರಿಗೆ ಕಷ್ಟ ಯಾವಾಗ ಬೇಕಾದರೂ ಬರುತ್ತೆ. ನನಗೆ ಮಾತ್ರ ಸರಿಯಾಗಿ ಸಾಯಂಕಾಲದ ಊಟದ ಹೊತ್ತಿಗೇ ಬರೋದು. ಒಂದೇ ಊರಲ್ಲಿ ಆಗಿದ್ದರೆ ಆ ಊರಿನ ದೋಷ ಅನ್ನಬಹುದಿತ್ತು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು, ವರ್ಗವಾಗಿ ಹೋದ ಕಡೆಯಲ್ಲೆಲ್ಲ ಆಯಿತು ಅಂದಮೇಲೆ ಇದು ನನ್ನ ಹಣೆಬರಹವೇ ಸರಿ.

ಐವತ್ತು, ಅರವತ್ತರ ದಶಕದಲ್ಲಿ ನಾನು ಈ ಊರುಗಳಲ್ಲಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸೋದರಿಂದ ಹಿಡಿದು ಸಂಜೆ ಕಬಡ್ಡಿ ಮುಗಿಯೋತನಕ ಬಿಸಿಲಲ್ಲಿ ಸೀಟಿ ಊದೋ ಕೆಲಸ. ಮನೆಗೆ ಬರೋ ಹೊತ್ತಿಗೆ ಹೊಟ್ಟೆ ಚುರುಚುರು. ಹೋಟೆಲಿಗೆ ಹೋದರೆ ಸಾಂಬಾರಿಗೂ ಬೆಲ್ಲ, ಗೊಜ್ಜಿಗೂ ಬೆಲ್ಲ. ನಾಲಿಗೆ ಕೆಟ್ಟು ಕೆರ ಹಿಡಿದಿತ್ತು. ನನ್ನ ಗೋಳು ನೋಡಲಾರದೆ ಅಮ್ಮ ಒಂದು ದಾರಿ ಹೇಳಿಕೊಟ್ಟಳು.

"ನೋಡ್ ಮಗ, ಒಣಮೆಣಸಿನಕಾಯಿ ಉರ್ದು, ಬೆಳ್ಳುಳ್ಳಿ, ಜೀರಿಗೆ, ಉಣಿಸೆಅಣ್ಣು, ಉಪ್ಪು ಆಕಿ ರುಬ್ಬಿ ಉಂಡೆ ಕಟ್ಟಿ ಇಟ್ಕಂಡ್ಬುಡು. ವಾರಪೂರ್ತಿ ಯೋಚ್ನೆ ಇಲ್ಲ. ಸಂಜೆ ಬಂದೇಟ್ಗೆ ಸೊಪ್ಪು ಕಾಳು ಬೇಯಿಸಿ ಬಸ್ಕೋ, ಇತ್ಲಾಗೆ ಮುದ್ದೆ ತಿರುವು. ಬಸ್ದಿರೋ ನೀರು, ಅದೇ ಕಟ್ಟು, ಅದಕ್ಕೆ ಚೂರು ಕಾರ ಕಲಸ್ಕಂಡು ಉಣ್ಣು. ಎದುರ್ಗೆ ಕೂತು ಉಣ್ಣಾಕೆ ಒಂದೆಣ್ಣ ನಾನ್ ನೋಡ್ತೀನಿ."

ಒಂದು ಬಿಸಿ ಮುದ್ದೆ, ಉಪ್ಸಾರು, ಖಾರ, ಎದುರಿಗೆ ಒಬ್ಬರು. ಇಷ್ಟೇ ಕಣ್ರೀ ನಾನು ದೇವರನ್ನ ಕೇಳಿದ್ದು. ಬಂಗಲೆ ಕೇಳಿದ್ನೇ, ಕಾರು ಕೇಳಿದ್ನೇ?

ಹಾಸನ: ಲೆಕ್ಕದ ಮೇಷ್ಟ್ರ ಗಂಟಲು

ಹೆಣ್ಣು ಸಿಗೋತನಕ ಎದುರಿಗೆ ಯಾರಾದರೂ ಇರಲಿ ಅಂತ ನಮ್ಮ ಸ್ಕೂಲಿನ ಲೆಕ್ಕದ ಮೇಷ್ಟ್ರನ್ನ ಊಟಕ್ಕೆ ಕರೆದೆ. ಅವರು ಮಂಗಳೂರು ಕಡೆಯವರು, ಮುದ್ದೆಯನ್ನ ಕಣ್ಣಿನಿಂದ ನೋಡಿದ್ದೂ ಅದೇ ಮೊದಲು.

"ಇದನ್ನು ಹೇಗೆ ತಿನ್ನುವುದು ಮಾರಾಯ್ರೇ?" ಅಂದರು.

"ಅಗೀಬೇಡಿ ಸಾರ್. ಅಗಿದರೆ ಹಲ್ಲಿಗೆ ಮೆತ್ಕೊಳುತ್ತೆ. ಸಾರಲ್ಲಿ ಅದ್ದಿ ನುಂಗಿಬಿಡಿ" ಅಂದೆ.

ಜಾಣರು, ಎರಡೇ ತುತ್ತಿಗೆ ಕಲಿತರು. ನನಗೂ ಖುಷಿಯಾಯ್ತು. "ಆದರೆ ಸಾರು ಸಪ್ಪೆ ಉಂಟಲ್ಲ" ಅಂದರು. "ಖಾರ ಪಕ್ಕದಲ್ಲೇ ಇದೆ, ಹಾಕ್ಕೊಳಿ" ಅಂತ ಹೇಳಿ ನಾನು ನೀರು ತರೋಕೆ ಒಳಗೆ ಹೋದೆ.

ಬಂದು ನೋಡ್ತೀನಿ, ಬಟ್ಟಲಲ್ಲಿ ಖಾರದ ಉಂಡೆ ಇಲ್ಲ. ಲೆಕ್ಕದ ಮೇಷ್ಟ್ರು ಕಂಬದ ಹಾಗೆ ಕೂತಿದ್ದಾರೆ, ಕಿವಿ ಎರಡೂ ಕೆಂಪು. ಮುದ್ದೆ ತಲೆಗೊಂದು ಉಂಡೆ ಬಡಿಸಿದ್ದೆನಲ್ಲ, ಖಾರವೂ ತಲೆಗೊಂದು ಉಂಡೆ ಅಂದುಕೊಂಡಿದ್ದಾರೆ. ಅದನ್ನೂ ಅಗಿಯದೆ ನುಂಗಿದ್ದಾರೆ. ಹೇಳಿಕೊಟ್ಟವನು ನಾನೇ, ಯಾರನ್ನ ಬೈಯೋದು?

ಬಿಂದಿಗೆ ನೀರು ಕುಡಿದರು. ಮಜ್ಜಿಗೆ ಕುಡಿದರು. ಮನೆಗೆ ನಡೆಸಿಕೊಂಡು ಹೋಗಿ ಬಿಟ್ಟುಬಂದೆ. ಅಷ್ಟರಲ್ಲಿ ನನ್ನ ಮುದ್ದೆ ಕಲ್ಲಾಗಿತ್ತು, ಖಾರ ಅವರ ಹೊಟ್ಟೆಯಲ್ಲಿತ್ತು. ಆಮೇಲೆ ಎಷ್ಟೋ ದಿನ ಅವರ ಗಂಟಲಿಂದ ಸ್ವರವೇ ಹೊರಡಲಿಲ್ಲ, ಬರೀ ಕೈಸನ್ನೆಯಲ್ಲೇ ಬೀಜಗಣಿತ.

ಸ್ವರ ಬಂತು ಅನ್ನೋ ಸುದ್ದಿ ಹರಡಿದ ದಿನ ಹತ್ತನೇ ಕ್ಲಾಸಿನ ಹುಡುಗರು ಗುಂಪಾಗಿ ಬಂದು ನನ್ನ ಮುಂದೆ ನಿಂತರು. "ಸಾ, ಲೆಕ್ಕದ್ ಮೇಷ್ಟ್ರನ್ನ ಇನ್ನೊಂದ್ಸಲ ಊಟಕ್ಕೆ ಕರೀರಿ ಸಾ. ನಾಳಿಕ್ಕೆ ಬಾಯಿಪಾಠ ಕೇಳ್ತಾರಂತೆ."

ಹೊಳೆನರಸೀಪುರ: ಇನ್‌ಸ್ಪೆಕ್ಟರ ಶುಚಿತ್ವ

ಹೊಳೆನರಸೀಪುರದಲ್ಲಿ ನಾನಿದ್ದದ್ದು ಎಮ್ಮೆ ಸಾಕಿದ್ದ ಒಬ್ಬ ಅಮ್ಮನ ಮನೆಯ ಹಿಂಭಾಗದಲ್ಲಿ. ಹೊಳೆ ದಂಡೆಯ ಸೊಪ್ಪು ಅಂದರೆ ಕೇಳಬೇಕೇ, ಎಳೇದು, ಬೇಯಿಸಿದರೆ ಘಮಘಮ.

ಒಂದು ಸಲ ಆಟೋಟದ ಇನ್‌ಸ್ಪೆಕ್ಟರು ತಪಾಸಣೆಗೆ ಬಂದರು. ಮುಂಬಯಿ ಕಡೆ ಬೆಳೆದವರು, ಬಿಳೀ ಷರಾಯಿ, ಬಿಳೀ ಬೂಟು. ಊರಲ್ಲಿ ತಂಗೋಕೆ ಜಾಗವಿಲ್ಲ, ನನ್ನ ಕೋಣೆಯಲ್ಲೇ ಇಳಿದರು. ನಾನು ಮಧ್ಯಾಹ್ನದ ಬಿಡುವಿನಲ್ಲಿ ಓಡಿಬಂದು ಸೊಪ್ಪು, ಹುರುಳಿಕಾಳು ಬೇಯಿಸಿ ಬಸಿದು, ಒಂದು ಪಾತ್ರೆಯಲ್ಲಿ ಕಟ್ಟು, ಇನ್ನೊಂದರಲ್ಲಿ ಸೊಪ್ಪು ಮುಚ್ಚಿಟ್ಟು, ಮತ್ತೆ ಫೀಲ್ಡಿಗೆ ಓಡಿದೆ. ಸಾಯಂಕಾಲ ಮುದ್ದೆಯೊಂದು ತಿರುವಿದರೆ ಸಾಕು. ಕಟ್ಟನ್ನ ನೆನೆಸಿಕೊಂಡು ನೆನೆಸಿಕೊಂಡೇ ಆವತ್ತು ಮಾರ್ಚ್‌ಪಾಸ್ಟ್ ಮಾಡಿಸಿದ್ದು.

ಸಂಜೆ ಬಂದು ನೋಡಿದರೆ ಕಟ್ಟಿನ ಪಾತ್ರೆ ಫಳಫಳ ಹೊಳೀತಿದೆ. ತೊಳೆದು ಬೋರಲು ಹಾಕಿದ್ದಾರೆ!

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತಿದ್ದವರು ಹೇಳಿದರು, "ಮೇಷ್ಟ್ರೇ, ನಿಮಗೊಂದು ಮಾತು. ದೈಹಿಕ ಶಿಕ್ಷಣಕ್ಕೆ ಶುಚಿತ್ವವೇ ಮೂಲ. ಸೊಪ್ಪು ತೊಳೆದ ಕೊಳೆ ನೀರನ್ನ ಹಾಗೇ ಮುಚ್ಚಿಟ್ಟು ಹೋಗಿದ್ದಿರಿ. ನಾನೇ ಚೆಲ್ಲಿಸಿದೆ."

"ಸಾರ್, ಅದೇ ಸಾರು" ಅನ್ನೋಣ ಅಂದರೆ ನನ್ನ ಕೆಲಸ ಖಾಯಂ ಆಗೋದು ಅವರ ಕೈಯಲ್ಲಿತ್ತು. "ತಪ್ಪಾಯ್ತು ಸಾರ್" ಅಂದೆ. ಇಬ್ಬರೂ ಒಣ ಸೊಪ್ಪು, ಒಣ ಮುದ್ದೆ ಇಟ್ಟುಕೊಂಡು ಗಂಟಲಲ್ಲಿ ಇಳಿಸಿದೆವು. "ನಿಮ್ಮ ಕಡೆ ಊಟ ಸ್ವಲ್ಪ ಒಣಕಲು" ಅಂತ ಅವರೇ ನನಗೆ ಹೇಳಿದರು! ನಾನು ಗೋಡೆಗೆ ಹಣೆ ಚಚ್ಚಿಕೊಳ್ಳೋದೊಂದು ಬಾಕಿ.

ಬೆಳಿಗ್ಗೆ ಮನೆ ಒಡತಿ ಹಾಲು ಕರೆದುಕೊಂಡು ಬಂದು ಮುಖ ಅರಳಿಸಿದಳು. "ಮೇಷ್ಟ್ರೇ, ನಿಮ್ ಸಾಯೇಬ್ರು ಕಲಗಚ್ಚಿಗೆ ಸುರಿಸಿದ್ರಲ್ಲ, ಅದೇನ್ ಇಕ್ಕಿದ್ರೋ ಕಣಪ್ಪ, ಎಮ್ಮೆ ಬಾನಿ ನೆಕ್ಕಿ ನೆಕ್ಕಿ ಕುಡೀತು. ದಿನಾ ಇಂಗೇ ಮಾಡಿಕ್ಕಿ!"

ಚನ್ನರಾಯಪಟ್ಟಣ: ಸೂರ್ಯನ ಜೊತೆ ಪಂದ್ಯ

ಚನ್ನರಾಯಪಟ್ಟಣದಲ್ಲಿ ಒಳ್ಳೇ ಮನೆ ಸಿಕ್ತು. ಮನೆಯ ಯಜಮಾನರು ಜೈನರು, ಶ್ರವಣಬೆಳಗೊಳದಲ್ಲಿ ಅಂಗಡಿ ಇಟ್ಟಿದ್ದು ವಯಸ್ಸಾದಮೇಲೆ ಇಲ್ಲಿಗೆ ಬಂದವರು. ದೇವರಂಥ ಮನುಷ್ಯ. ಷರತ್ತು ಎರಡೇ. "ಬೆಳ್ಳುಳ್ಳಿ, ಈರುಳ್ಳಿ ಬೇಡ ಮೇಷ್ಟ್ರೇ. ಹೊತ್ತು ಮುಳುಗಿದಮೇಲೆ ಒಲೆ ಹಚ್ಚೋದು ಬೇಡ, ಊಟವೂ ಬೇಡ. ಹುಳ ಹುಪ್ಪಟೆ ಬಿದ್ದು ಸಾಯ್ತವೆ."

ಬೆಳ್ಳುಳ್ಳಿ ಇಲ್ಲದ ಖಾರ ಹೇಗೋ ನುಂಗಿಕೊಂಡೇನು. ಹೊತ್ತಿನದೇ ಫಜೀತಿ. ಆಟದ ಪೀರಿಯಡ್ಡು ಮುಗಿಯೋದಕ್ಕೂ ಸೂರ್ಯ ಇಳಿಯೋದಕ್ಕೂ ಸರಿಹೋಗ್ತಿತ್ತು. ಫೀಲ್ಡಿನಿಂದ ಮನೆ ಊರಿನ ಆ ತುದಿ. ಕೊನೇ ಸೀಟಿ ಊದಿದವನೇ ಪಂಚೆ ಎತ್ತಿ ಕಟ್ಟಿದ ಹಾಗೆ ಚಡ್ಡಿ ಬಿಗಿದು ಓಡೋಕೆ ಶುರು ಮಾಡ್ತಿದ್ದೆ. ಹುಡುಗರು ಇದೂ ಒಂದು ಪಾಠ ಅಂದುಕೊಂಡು ನನ್ನ ಹಿಂದೆ ಓಡ್ತಿದ್ದರು. ಬೇಡ ಅನ್ನೋಕೆ ನನಗೆ ಉಸಿರೆಲ್ಲಿತ್ತು?

ಪೇಟೆಯವರೆಲ್ಲ ಅಂಗಡಿ ಬಾಗಿಲಿಗೆ ಬಂದು ನೋಡೋರು. ಯಜಮಾನರು ಪಾಪ, ನನ್ನ ಮೇಲಿನ ಕರುಣೆಗೆ, ಜಗಲಿಯ ಮೇಲೆ ನಿಂತು ಪಡುವಲ ಕಡೆ ನೋಡ್ತಾ ಕೂಗೋರು. "ಇನ್ನೂ ಅರ್ಧ ಇದಾನೆ ಮೇಷ್ಟ್ರೇ, ಬನ್ನಿ ಬನ್ನಿ! ಅಯ್ಯೋ, ಕಾಲು ಭಾಗ ಆದ! ಓಡ್ರೀ!"

ನಾನು ಮೆಟ್ಟಿಲು ಹತ್ತೋದೂ ಅವನು ಮುಳುಗೋದೂ ಒಂದೇ. ಯಜಮಾನರು ನಿಟ್ಟುಸಿರು ಬಿಟ್ಟು, "ನಾಳೆ ನೋಡೋಣ ಬಿಡಿ" ಅನ್ನೋರು. ಮಧ್ಯಾಹ್ನವೇ ಮಾಡಿಟ್ಟ ಮುದ್ದೆಯನ್ನ ಮಾರನೇ ದಿನ ನಾಯಿಗೆ ಹಾಕೋದು, ಹಸಿದು ಮಲಗೋದು. ಮುಂಗಾರಿನಲ್ಲಿ ಮೋಡ ಮುಚ್ಚಿದ ದಿನ ಅವನು ಇದಾನೋ ಇಲ್ಲವೋ ಅಂತ ಇಬ್ಬರೂ ಜಗಳಕ್ಕೇ ಬಿದ್ದಿದ್ದೂ ಉಂಟು.

ಆ ವರ್ಷ ಜಿಲ್ಲೆಯ ದೂರದ ಓಟದಲ್ಲಿ ಬಹುಮಾನವೆಲ್ಲ ನಮ್ಮ ಸ್ಕೂಲಿಗೇ. ಹೆಡ್‌ಮೇಷ್ಟ್ರು ಸಭೆಯಲ್ಲಿ ನನಗೆ ಹಾರ ಹಾಕಿ, "ಇಂಥ ನಿಷ್ಠೆಯ ಶಿಕ್ಷಕರಿಗೆ ಏನು ಕೊಟ್ಟರೂ ಕಡಿಮೆ" ಅಂದರು. ಕೊಟ್ಟದ್ದು ಒಂದು ಡಬ್ಬಿ ಮೈಸೂರುಪಾಕು.

ಅರಕಲಗೂಡು: ಒಂಟಿ ಸೀನು

ಅರಕಲಗೂಡಿನಲ್ಲಿ ಮಾತ್ರ ದೇವರು ಕಣ್ಣು ಬಿಟ್ಟ ಅಂದುಕೊಂಡೆ. ವಠಾರದ ಮನೆ, ಯಾವ ಷರತ್ತೂ ಇಲ್ಲ. ನಡುವಿನ ಗೋಡೆ ಸೂರು ಮುಟ್ಟದೆ ಅರ್ಧಕ್ಕೇ ನಿಂತಿತ್ತು. ಪಕ್ಕದಲ್ಲಿ ಜವಳಿ ಅಂಗಡಿಯ ಯಜಮಾನರು, ಅವರ ಮಗಳು. ಹುಡುಗಿ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ತಾಯಿ ಇಲ್ಲ. ಸಂಜೆ ಸ್ಕೂಲಿಂದ ಬಂದು ಅವಳೇ ಒಲೆ ಹಚ್ಚಬೇಕು. ಜನ ನಮ್ಮವರೇ.

ಅಂಗಳದ ಒರಳುಕಲ್ಲು ಇಡೀ ವಠಾರಕ್ಕೆ ಒಂದೇ. ನಾನು ಖಾರ ರುಬ್ಬುತ್ತಿದ್ದಾಗ ಅವಳು ಬಂದು ಚೂರು ನಾಲಿಗೆಗೆ ಹಚ್ಚಿಕೊಂಡಳು. "ಅಬ್ಬಬ್ಬ! ಮೇಷ್ಟ್ರೇ, ನಮಗೂ ಒಂದುಂಡೆ ಮಾಡಿಕೊಡಿ. ನಂಗೆ ಸಂಜೆ ರುಬ್ಬುತ್ತಾ ಕೂರೋಕೆ ಆಗಲ್ಲ ಕಣ್ರೀ" ಅಂದಳು.

ಅಲ್ಲಿಂದ ಪ್ರತಿ ಭಾನುವಾರ ಎರಡುಂಡೆ, ನನಗೊಂದು, ಅವರಿಗೊಂದು. ಸಂಜೆ ಗೋಡೆಯಾಚೆ ಅವಳು ಮುದ್ದೆ ತಿರುವೋ ಸದ್ದು, ಈಚೆ ನನ್ನದು. "ಇವತ್ತು ಖಾರ ಜೋರಾಗಿದೆ ಮೇಷ್ಟ್ರೇ" ಅಂತ ಆಚೆಯಿಂದ ಮಾತು. ಎದುರಿಗೆ ಒಬ್ಬರು ಅಂತ ಕೇಳಿದ್ದೆನಲ್ಲ, ನಡುವೆ ಅರ್ಧ ಗೋಡೆ ಒಂದೇ ಬಾಕಿ. ಆ ಹುಡುಗಿ ನನಗೆ ತುಂಬಾ ಇಷ್ಟವಾಗಿದ್ದಳು. ಅವಳಿಗೆ ಹೇಳೋ ಧೈರ್ಯ ಬರಲಿಲ್ಲ, ಅಮ್ಮನಿಗೆ ಹೇಳಿಕಳಿಸಿದೆ. ಸೋಮವಾರ ಬೆಳಗಿನ ಬಸ್ಸಿಗೆ ಬಂದು ಹೆಣ್ಣು ಕೇಳ್ತೀನಿ ಅಂದಳು.

ಭಾನುವಾರ ಸಂಜೆ ಅಮ್ಮನಿಗೆ ಅಂತ ಹೊಸ ಖಾರಕ್ಕೆ ಮೆಣಸಿನಕಾಯಿ ಹುರಿಯೋಕೆ ಕೂತೆ. ಗುಂಟೂರು ಮೆಣಸಿನಕಾಯಿ, ಘಾಟು ಸೂರಿಗೆ ಹತ್ತಿತು. ಗೋಡೆಯಾಚೆ ಏನೋ ಜನ, ಹೊಸ ದನಿಗಳು. ಯಾರೋ ನೆಂಟರು ಇರಬೇಕು ಅಂದುಕೊಂಡೆ. ಆಗ ಒಂದು ದೊಡ್ಡ ಸೀನು ಕೇಳಿಸಿತು. "ಆ... ಕ್ಷೀ!" ಆಮೇಲೆ ಮನೆಗೆ ಮನೆಯೇ ಗಪ್‌ಚುಪ್. ಪಾಪ, ಘಾಟು ಅಂತ ಬಾಂಡಲಿ ಇಳಿಸಿ ಕೆಂಡಕ್ಕೆ ನೀರು ಚಿಮುಕಿಸಿದೆ.

ಯಜಮಾನರು ನನ್ನ ಬಾಗಿಲು ನೂಕಿಕೊಂಡು ಒಳಗೆ ಬಂದರು.

"ಮೇಷ್ಟ್ರೇ, ಹುರೀತಿದ್ರಲ್ಲ, ಯಾಕ್ ನಿಲ್ಸಿದ್ರಿ? ಹಾಕ್ರೀ, ಇನ್ನೊಂದ್ ಹಿಡಿ ಹಾಕ್ರೀ!"

"ಯಾಕ್ ಸಾರ್? ಏನಾಯ್ತು?"

"ಮಗಳನ್ನ ನೋಡೋಕೆ ಹಾಸನದಿಂದ ಬಂದವ್ರೆ. ಎಲ್ಲ ಒಪ್ಪಿಗೆ ಆಗಿ ಗಂಡಿನ ತಂದೆ ತಾಂಬೂಲಕ್ಕೆ ಕೈ ಚಾಚಿದ್ರು. ಆಗಲೇ ಸೀನ್‌ಬುಟ್ರು, ಒಂಟಿ ಸೀನು! ಅವರ ಅಜ್ಜಿ ಅಪಶಕುನ ಅಂತ ಎದ್ದು ನಿಂತೈತೆ. ಇನ್ನೊಂದು ಸೀನು ಬಂದ್ರೆ ಜೋಡಿ ಆಯ್ತದೆ, ದೋಷ ಹೋಯ್ತದೆ. ಅವರು ಮೂಗು ಮೇಲೆ ಮಾಡ್ಕಂಡು ಕೂತವ್ರೆ, ಬರ್ತಾನೇ ಇಲ್ಲ!"

ಅಲ್ಲ ಸ್ವಾಮಿ, ನಾಳೆ ಬೆಳಿಗ್ಗೆ ನಮ್ಮಮ್ಮ ಬಸ್ಸಿಳೀತಾಳೆ! ಆ ಮನುಷ್ಯ ಇನ್ನೊಂದು ಸಲ ಸೀನದೆ ಇದ್ದರೆ ಸಾಕು, ನನ್ನ ಬಾಳು ಬಂಗಾರ.

"ಕೆಂಡ ಆರಿಹೋಯ್ತು ಸಾರ್" ಅಂದೆ. ಅದು ಮುಕ್ಕಾಲು ನಿಜವೂ ಆಗಿತ್ತು.

ಅಷ್ಟರಲ್ಲಿ ಹುಡುಗಿಯೇ ಬಂದಳು. ರೇಷ್ಮೆ ಸೀರೆ, ತಲೆ ತುಂಬ ಹೂವು. ನಾನು ಹಾಗೇ ನೋಡ್ತಾ ನಿಂತೆ. ಅವಳು ಸೀರೆ ಎತ್ತಿ ಸಿಕ್ಕಿಸಿ, ನನ್ನ ಒಲೆ ಮುಂದೆ ಕೂತು, ಊದುಗೊಳವೆ ಕೈಗೆ ತಗೊಂಡಳು.

"ಆರಿದ್ರೆ ಊದಬೇಕು ಮೇಷ್ಟ್ರೇ, ನಿಂತ್ರೆ ಆಗುತ್ತಾ?"

"ನಿಮಗೆ ಗಂಡು ಒಪ್ಪಿಗೆನಾ?" ಅಂದೆ. ಹೇಗೋ ಅಷ್ಟು ಬಾಯಿಗೆ ಬಂತು.

"ಗಂಡನ್ನ ಸರಿಯಾಗಿ ನೋಡಿಲ್ಲ ಕಣ್ರೀ. ಅವರ ಮನೇಲಿ ಅಡಿಗೆಯವನು ಇದಾನಂತೆ! ಸ್ಕೂಲಿಂದ ಬಂದು ಸುಮ್ಮನೆ ಕೂತು ಉಣ್ಣಬಹುದು."

'ಅಮ್ಮಾ ತಾಯೀ, ನಾನು ಬದುಕಿರೋತನಕ ರುಬ್ಬಿ, ಬೇಯಿಸಿ, ಬಡಿಸ್ತೀನಿ' ಅನ್ನೋಕೆ ಬಾಯಿ ತೆಗೆದೆ. ಅದೇ ಗಳಿಗೆಗೆ ಅವಳು ಊದಿ ಕೆಂಪಾಗಿಸಿದ ಕೆಂಡಕ್ಕೆ ಹಿಡಿ ಮೆಣಸಿನಕಾಯಿ ಸುರಿದಳು. ಘಾಟು ನನ್ನ ಗಂಟಲಿಗೇ ನೆಟ್ಟಗೆ ನುಗ್ಗಿತು. ಕೆಮ್ಮಿದೆ, ಕೆಮ್ಮಿದೆ, ಒಂದಕ್ಷರ ಹೊರಡಲಿಲ್ಲ.

ಗೋಡೆಯಾಚೆ "ಆಕ್ಷೀ!" ಅಂತ ಎರಡನೇದು ಬಂತು. "ಜೋಡಿ ಆಯ್ತು!" ಅಂತ ಅಜ್ಜಿ ಕೂಗಿದಳು. ತಾಂಬೂಲ ಬದಲಾಯಿಸಿದರು. ನನ್ನ ಕಣ್ಣಲ್ಲಿ ಧಾರೆ ಧಾರೆ ನೀರು. ಹುಡುಗಿ ನೋಡಿ, "ಪಾಪ, ಘಾಟು ಜಾಸ್ತಿ ಆಯ್ತೇನೋ" ಅಂತ ಹೇಳಿ ಓಡಿಹೋದಳು. ಆಮೇಲೆ ಯಜಮಾನರು ಒಂದು ಲೋಟ ಪಾಯಸ ಕಳಿಸಿದರು.

ಬೆಳಿಗ್ಗೆ ಅಮ್ಮ ಬಂದಳು. ನಡೆದದ್ದೆಲ್ಲ ಹೇಳಿದೆ. ತಲೆ ಮೇಲೆ ಕೈ ಹೊತ್ತು ಕೂತಳು. "ಲೇ, ನೀನು ಉರ್ದಿದ್ಕೇ ಆವಯ್ಯ ಮೊದಲ್ನೇದು ಸೀನಿದ್ದು, ಒಳ್ಳೇದೇ ಆಯ್ತು. ಉರ್ದೋನು ಕೆಂಡ ಯಾಕ್ಲಾ ಉಳಿಸ್ದೆ? ಪೂರ್ತಿ ಆರಿಸ್ಬಾರ್ದಾಗಿತ್ತಾ!"

ಮದುವೆಗೆ ಯಜಮಾನರು ಮನೆಗೇ ಬಂದು ಕರೆದರು. "ಮುಂಚೆನೇ ಬನ್ನಿ ಮೇಷ್ಟ್ರೇ. ಧಾರೆ ಹೊತ್ನಲ್ಲಿ ಯಾರಾದ್ರೂ ಒಂಟಿ ಸೀನಿದ್ರೆ ಕಷ್ಟ. ಜೇಬಲ್ಲಿ ಒಂದಷ್ಟು ಮೆಣಸಿನಕಾಯಿ ಇರಲಿ." ಹೋದೆ. ಜೇಬಲ್ಲಿ ಮೆಣಸಿನಕಾಯಿ ಇಟ್ಟುಕೊಂಡೇ ಹೋದೆ. ಯಾರಾದರೂ ಒಬ್ಬರು ಒಂದೇ ಒಂದು ಸಲ ಸೀನಲಿ ಅಂತ ಮಂಟಪದ ಮುಂದೆ ಕಾದೆ. ಒಂದು ನರಪಿಳ್ಳೆಯೂ ಸೀನಲಿಲ್ಲ.

ತಿಂಗಳಾದಮೇಲೆ ಹಾಸನದ ಬಸ್ಸಿನ ಕಂಡಕ್ಟರು ಒಂದು ಡಬ್ಬಿ ತಂದುಕೊಟ್ಟು, "ಟೀಚರಮ್ಮ ಕೊಟ್ಟವ್ರೆ ಸಾ. ಅವ್ರ ಮನೆ ಅಡಿಗೆಯವನ್ಗೆ ಕಾರ ರುಬ್ಬಕೆ ಬರಕಿಲ್ವಂತೆ. ಅವ್ರ ಗಂಡಂಗೂ ನಿಮ್ ಕಾರವೇ ಆಗ್ಬೇಕಂತೆ. ಒಂದುಂಡೆ ಕಳಿಸ್ಬೇಕಂತೆ" ಅಂದ.

ಏನು ಮಾಡಲಿ ಹೇಳಿ? ಕೂತು ರುಬ್ಬಿದೆ, ದೊಡ್ಡ ಉಂಡೆಯನ್ನೇ ಕಟ್ಟಿ ಕಳಿಸಿದೆ. ಮುಂದಿನ ವಾರ ಡಬ್ಬಿ ವಾಪಸ್ಸು ಬಂತು. ಮುದ್ದೆ ತಟ್ಟೆಗೆ ಹಾಕಿಕೊಂಡು, ಆಸೆಯಿಂದ ಮುಚ್ಚಳ ತೆಗೆದೆ. ಬರೀ ಡಬ್ಬಿ ಕಳಿಸಬಾರದಲ್ಲ, ಶಾಸ್ತ್ರಕ್ಕೆ ಅಂತ ಒಳಗೆ ಒಂದು ಹಿಡಿ ಸಕ್ಕರೆ ಹಾಕಿದ್ದಳು. ಅದನ್ನೇ ನಂಚಿಕೊಂಡು ಉಂಡೆ.